ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸಿಗಲಿಲ್ಲ ಎಂದರೆ ಏನರ್ಥ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಅಣ್ಣನ ಮಗಳು ಗಂಡನ ಮನೆಯ ಅಡುಗೆಮನೆಯಲ್ಲಿ ಬೆಂಕಿಗೆ ಸಿಕ್ಕು ತೀರಿಕೊಂಡಳು. ಮದುವೆಯಾಗಿ ಮೂರು ವರ್ಷವಾಗಿತ್ತು. ಮೈಮೇಲೆ ಸೀಮೆಎಣ್ಣೆ ವಾಸನೆ ಇತ್ತಂತೆ. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯಲ್ಲಿ, ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ಕಾರ್ಬನ್ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್) ಪತ್ತೆಯಾಗಿಲ್ಲ ಎಂದಿದೆ. ಜೀವ ಇದ್ದಿದ್ದರೆ ಹೊಗೆ ಒಳಗೆ ಹೋಗಲೇಬೇಕಿತ್ತು, ಮೊದಲೇ ಕೊಂದು ಆಮೇಲೆ ಸುಟ್ಟಿದ್ದಾರೆ ಎಂದು ಊರೆಲ್ಲ ಮಾತಾಡುತ್ತಿದೆ. ಈ ಒಂದು ಸಾಲು ಹಿಡಿದು ನಾವು ಕೋರ್ಟಿನಲ್ಲಿ ನಿಲ್ಲಬಹುದೇ?"

ಮಗಳನ್ನು ಕಳೆದುಕೊಂಡ ಮನೆಗೆ ಸುತ್ತುಬಳಸಿ ಉತ್ತರಿಸುವುದು ತಪ್ಪು. ಆ ಒಂದು ಸಾಲಿನಿಂದ ಕೊಲೆ ಸಾಬೀತಾಗುವುದಿಲ್ಲ. ಹಾಗೆಂದು ನಿಮ್ಮ ಅನುಮಾನ ಸುಳ್ಳು ಎಂದೂ ಆಗುವುದಿಲ್ಲ. ಈ ಪರೀಕ್ಷೆಯಲ್ಲಿ "ಇದೆ" ಎಂದು ಬಂದರೆ ಅದಕ್ಕೆ ಇರುವ ತೂಕ "ಇಲ್ಲ" ಎಂದು ಬಂದಾಗ ಇರುವುದಿಲ್ಲ.

ಬೆಂಕಿಗೆ ಗಾಳಿ ಸಾಲದೆ ವಸ್ತುಗಳು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಉಸಿರಾಡಿದಷ್ಟೂ ರಕ್ತದಲ್ಲಿ ಇದರ ಪಾಲು ಏರುತ್ತದೆ. ಬೀಡಿ ಸಿಗರೇಟು ಸೇದದವರಲ್ಲಿ ಇದು ಶೇ 1–2ರಷ್ಟು, ವಿಪರೀತ ಸೇದುವವರಲ್ಲಿ ಶೇ 10ರ ಆಸುಪಾಸು. ಶೇ 50 ದಾಟಿದರೆ ಸಾಮಾನ್ಯವಾಗಿ ಜೀವ ಉಳಿಯುವುದಿಲ್ಲ. ವಯಸ್ಸಾದವರು, ಹೃದ್ರೋಗಿಗಳು ಅದಕ್ಕೂ ಕಡಿಮೆ ಮಟ್ಟದಲ್ಲೇ ಹೋಗಿಬಿಡುತ್ತಾರೆ. 1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿ ಸ್ಫೋಟಿಸಿದಾಗ ಜಾನ್ ಹಾಲ್ಡೇನ್ ಎಂಬ ವಿಜ್ಞಾನಿ ಸತ್ತವರ ದೇಹಗಳನ್ನು ಪರೀಕ್ಷಿಸಿ, ಹೆಚ್ಚಿನವರನ್ನು ಕೊಂದದ್ದು ಸ್ಫೋಟವಲ್ಲ, ಈ ಅನಿಲ ಎಂದು ತೋರಿಸಿದರು. ನಮ್ಮ ದೇಶದಲ್ಲಿ 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಸತ್ತ 59 ಜನರನ್ನು ನೆನೆಯಿರಿ. ಬೆಂಕಿ ಹೊತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರ್‌ನಲ್ಲಿ, ಜನ ಉಸಿರುಗಟ್ಟಿ ಸತ್ತದ್ದು ಮೇಲಿನ ಬಾಲ್ಕನಿಯಲ್ಲಿ.

ಸತ್ತ ದೇಹ ಉಸಿರಾಡುವುದಿಲ್ಲ. ಆದ್ದರಿಂದ ಸುಟ್ಟ ದೇಹದ ರಕ್ತದಲ್ಲಿ ಈ ಅನಿಲ ಗಣನೀಯ ಪ್ರಮಾಣದಲ್ಲಿ ಸಿಕ್ಕರೆ ಬೆಂಕಿ ಹತ್ತಿದಾಗ ಆ ವ್ಯಕ್ತಿ ಬದುಕಿದ್ದರು ಎನ್ನಬಹುದು. ಅಷ್ಟನ್ನು ಮಾತ್ರ. ಆಕಸ್ಮಿಕವೋ, ಆತ್ಮಹತ್ಯೆಯೋ, ಕೈಕಾಲು ಕಟ್ಟಿ ಹಚ್ಚಿದ್ದೋ ಎಂಬುದನ್ನು ಅದು ಹೇಳದು. "ಹೊಗೆ ಕುಡಿದಿದ್ದಾಳೆ, ಹಾಗಾಗಿ ಕೊಲೆಯಲ್ಲ" ಎಂದು ವಾದಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಜೀವಂತ ಸುಡುವುದು ಕೊಲೆಯಲ್ಲದೆ ಮತ್ತೇನು?

ಇನ್ನು "ಇಲ್ಲ" ಎಂಬ ವರದಿ. ಸೀಮೆಎಣ್ಣೆ ಅಥವಾ ಪೆಟ್ರೋಲು ಸುರಿದ ಬಟ್ಟೆ ಭಗ್ಗನೆ ಹತ್ತಿಕೊಂಡಾಗ ಬಿಸಿಗಾಳಿಗೆ ಗಂಟಲು ಬಿಗಿದು, ಹೊಗೆ ತುಂಬಿಕೊಳ್ಳುವ ಮೊದಲೇ ಜೀವ ಹೋಗಬಹುದು. ಹಿತ್ತಿಲಲ್ಲಿ, ಬಾಗಿಲು ತೆರೆದ ಜಾಗದಲ್ಲಿ ಹೊಗೆ ನಿಲ್ಲುವುದೇ ಇಲ್ಲ. ಆಕೆಯನ್ನು ಆಸ್ಪತ್ರೆಗೆ ಒಯ್ದಿದ್ದರೋ ಎಂಬುದನ್ನು ನೀವು ಬರೆದಿಲ್ಲ; ಇದು ಬಹಳ ಮುಖ್ಯ. ಬದುಕಿರುವವರ ರಕ್ತದಲ್ಲಿ ಇದರ ಪ್ರಮಾಣ ಬರೀ ಗಾಳಿಯಲ್ಲಿ ನಾಲ್ಕೈದು ಗಂಟೆಗೆ ಅರ್ಧಕ್ಕಿಳಿಯುತ್ತದೆ, ಆಕ್ಸಿಜನ್ ಮಾಸ್ಕ್ ಹಾಕಿದರೆ ಒಂದೂವರೆ ಗಂಟೆಯೊಳಗೇ ಇಳಿದೀತು. ಒಂದು ದಿನ ಚಿಕಿತ್ಸೆ ಪಡೆದು ತೀರಿಕೊಂಡವರಲ್ಲಿ ಏನೂ ಸಿಗದಿದ್ದರೆ ಅಚ್ಚರಿಯಿಲ್ಲ.

ಮಾದರಿ ತೆಗೆದ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಸಾಧ್ಯವಾದರೆ ತೊಡೆಯ ರಕ್ತನಾಳದಿಂದ ರಕ್ತ ತೆಗೆದು, ಸೋಡಿಯಂ ಫ್ಲೋರೈಡ್ ಬೆರೆಸಿದ ಬಾಟಲಿಗೆ ಗಾಳಿ ಉಳಿಯದಂತೆ ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ತಣ್ಣಗಿಟ್ಟು ಕಳಿಸಬೇಕು. ಯಾವ ವಿಧಾನದಲ್ಲಿ ನೋಡಿದರು ಎಂಬುದೂ ಅಷ್ಟೇ ಮುಖ್ಯ. ಹಳೆಯದೊಂದು ಪರೀಕ್ಷೆಯಿದೆ: ನೀರು ಬೆರೆಸಿದ ರಕ್ತಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಹಾಕುತ್ತಾರೆ. ಸಾಮಾನ್ಯ ರಕ್ತ ಕ್ಷಣದಲ್ಲಿ ಹಸಿರು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾರ್ಬನ್ ಮೊನಾಕ್ಸೈಡ್ ತುಂಬಿದ ರಕ್ತ ಗುಲಾಬಿ ಕೆಂಪಾಗಿಯೇ ನಿಲ್ಲುತ್ತದೆ. ಕಣ್ಣಿಗೆ ಕಟ್ಟುವಂಥ ಪರೀಕ್ಷೆ, ನಿಜ. ಆದರೆ ಕಡಿಮೆ ಪ್ರಮಾಣವಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಸ್ಪೆಕ್ಟ್ರೋಫೋಟೋಮೀಟರ್ ಅಥವಾ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಶೇಕಡಾವಾರು ಅಂಕಿ ಬರುತ್ತದೆ. ನಿಮ್ಮ ವರದಿಯಲ್ಲಿ ಅಂಕಿ, ವಿಧಾನ ಎರಡೂ ಇಲ್ಲದೆ "ಪತ್ತೆಯಾಗಿಲ್ಲ" ಎಂದಷ್ಟೇ ಇದ್ದರೆ ಅದನ್ನು ಪ್ರಶ್ನಿಸುವ ಹಕ್ಕು ನಿಮಗಿದೆ.

ಹಾಗಾದರೆ ಮೊದಲೇ ಕೊಂದು ಸುಟ್ಟಿರುವ ಸಾಧ್ಯತೆ? ಖಂಡಿತ ಇದೆ, ಅದನ್ನು ತಳ್ಳಿಹಾಕಬಾರದು. ಆದರೆ ಸಾಕ್ಷಿ ಸಿಗಬೇಕಾದ್ದು ಮರಣೋತ್ತರ ವರದಿಯ ಬೇರೆ ಪುಟಗಳಲ್ಲಿ. ಧ್ವನಿತಂತುಗಳಿಂದ ಕೆಳಗೆ, ಶ್ವಾಸನಾಳದೊಳಗೆ ಮಸಿ ಇತ್ತೇ? ಇದ್ದರೆ ಆಕೆ ಬೆಂಕಿಯಲ್ಲಿ ಉಸಿರಾಡಿದ್ದಳು, ರಕ್ತ ಪರೀಕ್ಷೆ ಏನೇ ಹೇಳಲಿ. ಮಸಿಯೂ ಇಲ್ಲ, ಕತ್ತಿನ ಒಳಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿದೆ, ಗಂಟಲಿನ ಹಯಾಯ್ಡ್ ಮೂಳೆ ಮುರಿದಿದೆ ಅಥವಾ ವಿಸೆರಾದಲ್ಲಿ (ಪರೀಕ್ಷೆಗೆಂದು ತೆಗೆದಿಟ್ಟ ಒಳ ಅಂಗಗಳಲ್ಲಿ) ವಿಷ ಸಿಕ್ಕಿದೆ ಎಂದಾದರೆ ಆಗ "ಇಲ್ಲ" ಎಂಬ ಆ ಸಾಲಿಗೂ ಬಲ ಬರುತ್ತದೆ. ಮುಷ್ಟಿ ಬಿಗಿದು ಕೈ ಎತ್ತಿದ ಭಂಗಿಯನ್ನು ಮಾತ್ರ ಹೋರಾಟದ ಗುರುತು ಎಂದುಕೊಳ್ಳಬೇಡಿ. ಶಾಖಕ್ಕೆ ಸ್ನಾಯುಗಳು ಸೆಟೆದು ಸತ್ತವರಲ್ಲೂ ಹಾಗಾಗುತ್ತದೆ. ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ ಕಂಡರೂ ಆತುರ ಬೇಡ, ಬರೀ ಶಾಖದಿಂದಲೂ ಅದು ಬರಬಹುದು.

ಮದುವೆಯಾಗಿ ಏಳು ವರ್ಷದೊಳಗಿನ ಸಾವಾದ್ದರಿಂದ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಯ ಮುಂದೆ ಶವ ಪಂಚನಾಮೆ ನಡೆದಿರಬೇಕು. ಅದರ ಪ್ರತಿ, ಪೂರ್ತಿ ಮರಣೋತ್ತರ ವರದಿ, ಎಫ್‌ಎಸ್‌ಎಲ್ ವರದಿ, ಆಸ್ಪತ್ರೆಗೆ ಸೇರಿಸಿದ್ದರೆ ಕೇಸ್ ಶೀಟ್ ಇಷ್ಟನ್ನೂ ನಿಮ್ಮ ವಕೀಲರ ಮೂಲಕ ಪಡೆಯಿರಿ. ಆಮೇಲೆ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಿ: ಶ್ವಾಸನಾಳದ ಸ್ಥಿತಿ ಏನಿತ್ತು, ಕತ್ತನ್ನು ಪದರಪದರವಾಗಿ ಬಿಡಿಸಿ ನೋಡಿದ್ದರೇ, ರಕ್ತವನ್ನು ಎಲ್ಲಿಂದ, ಯಾವಾಗ ತೆಗೆದರು, ಯಾವ ವಿಧಾನದಲ್ಲಿ ಪರೀಕ್ಷಿಸಿದರು ಎಂದು ಶವಪರೀಕ್ಷೆ ಮಾಡಿದ ವೈದ್ಯರಿಂದ ಮತ್ತು ಪ್ರಯೋಗಾಲಯದಿಂದ ಅಭಿಪ್ರಾಯ ಪಡೆಯಬೇಕೆಂದು ಕೇಳಿ. ದೋಷಾರೋಪ ಪಟ್ಟಿ ಸಲ್ಲಿಕೆಯಾಗುವ ಮೊದಲೇ ಕೇಳಿದರೆ ಒಳ್ಳೆಯದು. ಆಗಿಹೋಗಿದ್ದರೂ ಹೆಚ್ಚಿನ ತನಿಖೆಗೆ ಕಾನೂನಿನಲ್ಲಿ ಅವಕಾಶವಿದೆ, ಸರ್ಕಾರಿ ಅಭಿಯೋಜಕರು ಇವೇ ಪ್ರಶ್ನೆಗಳನ್ನು ಸಾಕ್ಷಿಕಟ್ಟೆಯಲ್ಲಿ ವೈದ್ಯರಿಗೆ ಹಾಕಬಹುದು.

— ಸಂಪಾದಕ