ಚೀಲಕ್ಕೆ ಎರಡು ಕೆಜಿ

ಪ್ರಶ್ನೆ: ಅಕ್ಕಾ, ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡುತ್ತೇನೆ, ಭಾನುವಾರ ಚರ್ಚು ತಪ್ಪಿಸುವುದಿಲ್ಲ. ಆದರೂ ಸಿಟ್ಟು ಹೋಗಿಲ್ಲ. ಆಳುಗಳ ಮೇಲೆ ರೇಗುತ್ತೇನೆ, ಅದರಲ್ಲೂ ಸಂಜೆ ಹಣ್ಣು ತೂಗುವಾಗ ಜಾಸ್ತಿ. ಚೀಲಕ್ಕೆ ಎರಡು ಕೆಜಿ ಕಳೆದು ಬರೆಯಬೇಕು ಅಂತ ಧಣಿಗಳ ಅಪ್ಪಣೆ, ಅದಕ್ಕೆ ಆಳುಗಳು ತಕರಾರು ತೆಗೆಯುತ್ತಾರೆ. ಉಪವಾಸ ಮಾಡಿದರೆ ಸ್ವಭಾವ ಬದಲಾಗುತ್ತದಾ?

ಉತ್ತರ: ತಮ್ಮಾ, ಪ್ರಾರ್ಥನೆ, ಚರ್ಚು, ಉಪವಾಸ ಎಲ್ಲದರ ಬಗ್ಗೆ ಬರೆದು, ಆ ಎರಡು ಕೆಜಿಯನ್ನು ಮಾತ್ರ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀಯಲ್ಲ! ತೂಕ ಸರಿಯಿಲ್ಲ ಅಂತ ನಿನಗೆ ಗೊತ್ತು, ಅವರಿಗೂ ಗೊತ್ತು. ಅವರು ಬಾಯಿ ಬಿಟ್ಟಾಗ ನೀನು ರೇಗದೆ ಇನ್ನೇನು ಮಾಡುತ್ತೀಯ? ಕೆಜಿ ಲೆಕ್ಕದ ಕುಯ್ಲು ಅಂದರೆ ಆ ತಕ್ಕಡಿಯಲ್ಲಿ ಇರುವುದು ಅವರ ಕೂಲಿ.

ಉಪವಾಸ ಅಂದೆಯಲ್ಲ, ಬೈಬಲ್ಲಿನಲ್ಲಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ತೆಗೆದು ಓದು. ಉಪವಾಸದ ದಿನವೇ ಆಳುಗಳನ್ನು ಹಿಂಡಿ ಕೆಲಸ ತೆಗೆಯುತ್ತೀರಿ ಅಂತ ಅಲ್ಲಿ ಸೀದಾ ಬೈದಿದೆ. ಜ್ಞಾನೋಕ್ತಿ 11ನೇ ಅಧ್ಯಾಯ ಶುರುವಾಗುವುದೇ ಮೋಸದ ತಕ್ಕಡಿಯಿಂದ. ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿ, ಕೊಯ್ಲಿನವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ.

ಧಣಿಗಳ ಮಾತು ಮೀರಿದರೆ ಕೆಲಸ ಹೋದೀತು ಅನ್ನುವ ಭಯ ನಿನಗಿದ್ದರೆ ಅದನ್ನು ನಾನು ಸಸಾರ ಮಾಡುವುದಿಲ್ಲ, ಮನೆ ನಡೆಸಬೇಕಾದವನು ನೀನು. ಮೊದಲು ಧಣಿಗಳ ಹತ್ತಿರ ಒಬ್ಬನೇ ಹೋಗಿ ಮಾತಾಡು, ಆಳುಗಳ ಮುಂದೆ ಬೇಡ. ಚೀಲದ ತೂಕ ಕಳೆಯುವುದು ನ್ಯಾಯವೇ, ಹಾಗಾಗಿ ಖಾಲಿ ಚೀಲವನ್ನು ಎಲ್ಲರ ಎದುರು ತೂಗಿ, ಎಷ್ಟು ಬರುತ್ತದೋ ಅಷ್ಟೇ ಕಳೆಯೋಣ ಅನ್ನು. ಕುಯ್ಲಿನ ಕಾಲದಲ್ಲಿ ಜನ ಸಿಗುವುದು ಎಷ್ಟು ಕಷ್ಟ ಅಂತ ಅವರಿಗೂ ಗೊತ್ತು, ತೂಕ ನೆಟ್ಟಗಿರುವ ತೋಟಕ್ಕೆ ಆಳು ಹುಡುಕಿಕೊಂಡು ಬರುತ್ತಾರೆ ಅಂತಲೂ ಒಂದು ಮಾತು ಸೇರಿಸು. (ಇದು ಬೈಬಲ್ಲಿನಲ್ಲಿಲ್ಲ, ನನ್ನ ಬುದ್ಧಿ.)

ಇಷ್ಟಾದರೂ ಒಂದೊಂದು ದಿನ ಸಿಟ್ಟು ಬರುತ್ತದೆ. ರೇಗಿದ ದಿನ ಮನೆಗೆ ಹೊರಡುವ ಮೊದಲು ಆ ಆಳುಗಳ ಹತ್ತಿರವೇ ಹೋಗಿ ತಪ್ಪಾಯ್ತು ಅನ್ನು. ರಾತ್ರಿ ದೇವರಿಗೆ ಮಾತ್ರ ಹೇಳಿ ಮಲಗಿಬಿಡುವುದು ಸುಲಭ, ಅಲ್ವಾ? ಮೊನ್ನೆ ಚಿಲ್ಲರೆ ವಿಷಯಕ್ಕೆ ನಾನು ಬೇಲೂರಿನಲ್ಲಿ ಕಂಡಕ್ಟರ್ ಮೇಲೆ ಕೂಗಾಡಿ, ಹಾಸನದವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ. ಇಳಿಯುವಾಗ ಧೈರ್ಯ ಮಾಡಿ ಕ್ಷಮಿಸಿ ಅಂದರೆ, ಆತ ಯಾವುದಕ್ಕೆ ಅಂತ ಕೇಳಬೇಕಾ!

ಧಣಿಗಳು ಏನಂದರು ಅಂತ ಬರೆದು ತಿಳಿಸು.