‘ಶಿಷ್ಯನ ಹತ್ರ ಬರೆಸಿಕೊಳ್ಳೋದಾ ಮೇಡಂ?’

ಆ್ಯಪ್ ಮಾಡಿಸಲು ಹೋಗಿ ನಿದ್ದೆ ಕೆಡಿಸಿಕೊಂಡವರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬರುವುದು ಈಗ ಹೊಸದೇನಲ್ಲ. ಒಬ್ಬರದು ದಿನಸಿ ಅಂಗಡಿ, ಇನ್ನೊಬ್ಬರದು ಯೋಗ ಕ್ಲಾಸು, ಮತ್ತೊಬ್ಬರದು ಮನೆಯಲ್ಲೇ ಮಾಡಿ ಮಾರುವ ಸಾಂಬಾರ್ ಪುಡಿ. ಬರುವಾಗ ಯಾರೂ ಆ್ಯಪ್ ವಿಷಯ ಅಂತ ಹೇಳುವುದಿಲ್ಲ. ಎದೆ ಹೊಡೆದುಕೊಳ್ಳುತ್ತೆ, ಮನೆಯಲ್ಲಿ ಸುಮ್ಸುಮ್ನೆ ರೇಗ್ತೀನಿ, ಫೋನ್ ರಿಂಗಾದ್ರೆ ಭಯ ಅಂತಾರೆ. ಸ್ವಲ್ಪ ಹೊತ್ತು ಕೂತು ಮಾತಾಡಿದ ಮೇಲೆ ಹೊರಗೆ ಬರುತ್ತದೆ. ಕೂಡಿಟ್ಟ ದುಡ್ಡನ್ನು ಆ್ಯಪ್ ಮಾಡಿಕೊಡುವ ಯಾವುದೋ ಸ್ಟುಡಿಯೋಗೆ ಕೊಟ್ಟಿದ್ದಾರೆ. ಆ್ಯಪ್ ‘ಇನ್ನೇನು ಮುಗೀತು ಸಾರ್’ ಅನ್ನುವಲ್ಲೇ ತಿಂಗಳುಗಟ್ಟಲೆ ನಿಂತಿದೆ.

ಇಲ್ಲಿ ಬರೆಯುತ್ತಿರುವುದು ಒಬ್ಬ ಮೇಷ್ಟ್ರ ವಿಷಯ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ತೋರಿಸಿ ಒಪ್ಪಿಗೆಯನ್ನೂ ಪಡೆದಿದ್ದೇನೆ.

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಮನೆಯ ಮಹಡಿಯಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಟ್ಯೂಷನ್. ಕನ್ನಡ ಮಾಧ್ಯಮದ ಮಕ್ಕಳಿಗೆ ಮೊಬೈಲಿನಲ್ಲೇ ಲೆಕ್ಕ ಅಭ್ಯಾಸ ಮಾಡುವ ಆ್ಯಪ್ ಇರಬೇಕು ಅನ್ನೋದು ಅವರ ಆಸೆ. ಒಳ್ಳೆಯ ಆಸೆ. ಕೆಲಸ ಕೊಟ್ಟಿದ್ದು ತಮ್ಮ ಹಳೆಯ ಶಿಷ್ಯನಿಗೆ, ಅವನು ನಾಲ್ಕಾರು ಹುಡುಗರನ್ನು ಇಟ್ಟುಕೊಂಡು ಸಣ್ಣ ಸ್ಟುಡಿಯೋ ನಡೆಸುತ್ತಾನೆ. ಬಾಯಿಮಾತಿನಲ್ಲಿ 4 ಲಕ್ಷ. ಆಗಲೇ 3 ಲಕ್ಷ ಕೊಟ್ಟಾಗಿತ್ತು. ಅದರಲ್ಲಿ ಹೆಂಡತಿಯ ಬಳೆ ಅಡ ಇಟ್ಟ ದುಡ್ಡೂ ಇತ್ತು. ಒಂದು ಹಾಳೆಯಲ್ಲೂ ಏನೂ ಬರೆದಿರಲಿಲ್ಲ.

ಅವರು ನನ್ನ ಹತ್ತಿರ ಬಂದ ಕಾರಣ ಬೇರೆ. ಮೈನಸ್ ಗುರುತು ಬಿಟ್ಟ ಒಬ್ಬ ಹುಡುಗನ ನೋಟ್‌ಬುಕ್ ಎಸೆದುಬಿಟ್ಟರಂತೆ. ಇಷ್ಟು ವರ್ಷದ ಮೇಷ್ಟ್ರ ಕೆಲಸದಲ್ಲಿ ಹಾಗೆ ಮಾಡಿದವರಲ್ಲ. ‘ನನಗೇನೋ ಆಗಿದೆ’ ಅಂತ ಹೆಂಡತಿಗೆ ಹೇಳಿದ್ದು ಅವತ್ತು.

ದುಡ್ಡು ಕಳೆದುಕೊಂಡ ಭಯ ಇರುವವರನ್ನು ನಾನು ಮೊದಲೇ ನೇರವಾಗಿ ಕೇಳುತ್ತೇನೆ: ಬದುಕು ಸಾಕು ಅನ್ನಿಸಿದೆಯಾ? ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತೆ ಅನ್ನುವವರಿದ್ದಾರೆ. ಹಾಗೇನೂ ಆಗುವುದಿಲ್ಲ. ಕೇಳಿದ್ದಕ್ಕೆ ಹಗುರಾದವರೇ ಜಾಸ್ತಿ. ಮೇಷ್ಟ್ರಿಗೆ ಅಂಥ ಯೋಚನೆ ಇರಲಿಲ್ಲ. ಓದುತ್ತಿರುವ ಯಾರಿಗಾದರೂ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಗಳಲ್ಲಿ ನಿದ್ದೆ, ಉಸಿರಾಟ, ರಾತ್ರಿ ಫೋನನ್ನು ಹಾಸಿಗೆಯಿಂದ ದೂರ ಇಡುವುದು, ಇಂಥದ್ದೇ ಮಾತು. ವಿಷಯ ತಿರುಗಿದ್ದು ಅವರ ಮನೆಯವರು ಜೊತೆಗೆ ಬಂದ ದಿನ. ಅವರು ಹೇಳಿದರು, ‘ರಾತ್ರಿ ಎದ್ದು ಮೆಸೇಜ್ ಬರೀತಾರೆ ಮೇಡಂ. ಬರೆದು ಬರೆದು ಅಳಿಸ್ತಾರೆ. ಕಳಿಸೋದೇ ಇಲ್ಲ.’

‘ಆ ಚಾಟ್ ನನಗೆ ತೋರಿಸ್ತೀರಾ ಸಾರ್?’ ಅಂತ ಕೇಳಿದೆ. ಸ್ವಲ್ಪ ಹಿಂದೇಟು ಹಾಕಿದರು. ಆಮೇಲೆ ಕನ್ನಡಕ ಹಾಕಿಕೊಂಡು ವಾಟ್ಸಾಪ್ ತೆಗೆದರು. ಮೂವರೂ ಕೂತು ಮೇಲಿನಿಂದ ಓದುತ್ತಾ ಬಂದೆವು.

ಕಳಿಸಿದ್ದ ಮೆಸೇಜುಗಳೆಲ್ಲ ಒಂದೇ ಥರ. ‘ನೀನು ಬ್ಯುಸಿ ಇರ್ತೀಯ ಅಂತ ಗೊತ್ತಪ್ಪ. ತೊಂದರೆ ಕೊಡ್ತಿದ್ದೀನಿ ಅಂದ್ಕೋಬೇಡ. ಅವಸರ ಏನಿಲ್ಲ. ಆದರೂ ಎಲ್ಲಿಗೆ ಬಂತು ಅಂತ...’ ಆ ಮೂರು ಚುಕ್ಕೆಯ ಹಿಂದೆ ಅವರ 3 ಲಕ್ಷ ಇತ್ತು. ಉತ್ತರವೂ ಒಂದೇ ಥರ: ‘ಈ ವಾರ ಆಗುತ್ತೆ ಸಾರ್’, ಜೊತೆಗೆ ಕೈ ಮುಗಿದ ಚಿತ್ರ. ನಡುನಡುವೆ ಎಪಿಕೆ ಫೈಲುಗಳು, ಅಂದರೆ ಫೋನಿಗೆ ಹಾಕಿ ನೋಡುವ ಆ್ಯಪ್‌ನ ಪ್ರತಿಗಳು. ಇನ್‌ಸ್ಟಾಲ್ ಮಾಡಿ ನೋಡಿ ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದಾರೆ. ನಿಜಕ್ಕೂ ಚೆನ್ನಾಗಿತ್ತಾ ಅಂದರೆ, ‘ಅರ್ಧ ಪ್ರಶ್ನೆ ತೆರೀತಾನೇ ಇರಲಿಲ್ಲ ಮೇಡಂ’ ಅಂದರು.

ಅಲ್ಲಿಯವರೆಗೆ ನನಗೂ ಇದು ಶಿಷ್ಯನದೇ ತಪ್ಪು ಅನ್ನುವ ಹಾಗೇ ಕಾಣುತ್ತಿತ್ತು. ಆಮೇಲೆ ವಾಯ್ಸ್ ಮೆಸೇಜುಗಳು ಶುರುವಾದವು. ಎಲ್ಲಾ ಮೇಷ್ಟ್ರದ್ದು, ಎಲ್ಲಾ ರಾತ್ರಿ ಹತ್ತೂವರೆ ಹನ್ನೊಂದರ ಮೇಲೆ ಕಳಿಸಿದ್ದು. ಒಂದನ್ನು ಹಾಕಿಸಿದೆ. ‘ಏನಪ್ಪಾ, ಮಲಗಿದ್ಯಾ? ಒಂದು ಸಣ್ಣ ವಿಷಯ. ಯಾರಿಗೆ ಎಷ್ಟು ಮಾರ್ಕ್ಸ್ ಬಂತು ಅಂತ ಪಟ್ಟಿ ಬರೋ ಹಾಗೆ ಮಾಡಿಬಿಡು.’ ಇನ್ನೊಂದರಲ್ಲಿ, ಅಪ್ಪ ಅಮ್ಮನ ಫೋನಿಗೆ ವಾರವಾರ ವರದಿ ಹೋಗಬೇಕು. 2023-24ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಬಂತಲ್ಲ, ಆಗ ಕಳಿಸಿದ್ದು ಇನ್ನೊಂದು: ಮೂರಕ್ಕೂ ಬೇರೆಬೇರೆ ವಿಭಾಗ ಇರಲಿ. ಎಲ್ಲದಕ್ಕೂ ಉತ್ತರ ‘ಓಕೆ ಸಾರ್’.

ಮಧ್ಯೆ ಒಂದು ಸ್ಕ್ರೀನ್‌ಶಾಟ್ ಇತ್ತು. ಪ್ರಶ್ನೆ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಸೊನ್ನೆ, ಏನೇನೋ ಗೀಟುಗಳ ಕಲಸುಮೇಲೋಗರ. ಕೆಳಗೆ ಹುಡುಗ ಬರೆದಿದ್ದ: ‘ಸಾರ್, ಫಾಂಟ್ ಸ್ವಲ್ಪ ಪ್ರಾಬ್ಲಮ್, ನೋಡ್ತೀವಿ.’ ಮೇಷ್ಟ್ರು ತಮ್ಮ ಪ್ರಶ್ನೆಪತ್ರಿಕೆಗಳನ್ನೆಲ್ಲ ವರ್ಷಾನುಗಟ್ಟಲೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದರು. ಮೊಬೈಲಿಗೆ ಯೂನಿಕೋಡ್ ಬೇಕು, ಅಂದರೆ ಎಲ್ಲಾ ಫೋನು, ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಬದಲಾಯಿಸುವ ಸಾಫ್ಟ್‌ವೇರ್ ಇದೆ, ಆದರೆ ಒತ್ತಕ್ಷರ ಅಲ್ಲಲ್ಲಿ ಕೆಡುತ್ತೆ, ಭಿನ್ನರಾಶಿ, ವರ್ಗಮೂಲ ಬಂದ ಕಡೆ ಎಲ್ಲಾ ಚೆಲ್ಲಾಪಿಲ್ಲಿ. ಒಂದೊಂದನ್ನೂ ಯಾರಾದರೂ ಕೂತು ತಿದ್ದಲೇಬೇಕು.

‘ಇದನ್ನ ತಿದ್ದೋದು ಯಾರ ಕೆಲಸ ಅಂತ ಮಾತಾಡಿದ್ರಾ ಸಾರ್?’

‘ಇಲ್ಲ. ಅವನೇ ನೋಡ್ಕೋತಾನೆ ಅಂದ್ಕೊಂಡೆ.’

‘ಇದಕ್ಕೆ ಎಕ್ಸ್‌ಟ್ರಾ ದುಡ್ಡಾಗುತ್ತೆ ಅಂತ ಅವನು ಯಾವತ್ತಾದ್ರೂ ಹೇಳಿದ್ನಾ?’

‘ಅವನೆಲ್ಲಿ ಹೇಳ್ತಾನೆ ಮೇಡಂ. ನಾನು ಕ್ಲಾಸಿಗೆ ಬಂದ್ರೆ ಎದ್ದು ನಿಲ್ತಿದ್ದೋನು. ಈಗ್ಲೂ ಅವನ ಆಫೀಸಿಗೆ ಹೋದ್ರೆ ನನ್ನ ಕೂರಿಸಿ ತಾನು ನಿಂತೇ ಮಾತಾಡ್ತಾನೆ.’ ಹೆಮ್ಮೆಯಿಂದಲೇ ಹೇಳಿದರು.

‘ನಿಂತೇ ಇರೋನು ನಿಮಗೆ ಆಗಲ್ಲ ಅಂತ ಹೆಂಗೆ ಹೇಳ್ತಾನೆ ಸಾರ್?’

ಮೇಷ್ಟ್ರು ಮಾತಾಡಲಿಲ್ಲ. ಮನೆಯವರು ನಕ್ಕುಬಿಟ್ಟರು. ‘ನಮ್ಮ ಮಗಾನೂ ಇವರ ಮುಂದೆ ಹಂಗೇ ಮೇಡಂ’ ಅಂದರು. ಆ ಮಗನ ಕಥೆ ಬೇರೆಯೇ ಇದೆ, ಇಲ್ಲಿ ಬೇಡ.

ಇವರಿಗೆ ಕೇಳಲು ದಾಕ್ಷಿಣ್ಯ, ಅವನಿಗೆ ಹೇಳಲು ದಾಕ್ಷಿಣ್ಯ. ಇವರು ಮೋಸ ಹೋದೆ ಅಂತ ಒಳಗೊಳಗೇ ಬೇಯುತ್ತಿದ್ದರು. ಆ ಕಡೆ ಅವನು, ಮೇಷ್ಟ್ರು ಪುಕ್ಕಟೆ ಕೆಲಸ ಮಾಡಿಸ್ತಿದ್ದಾರೆ ಅಂತ ತನ್ನ ಹುಡುಗರ ಮುಂದೆ ಗೊಣಗುತ್ತಿದ್ದಿರಬೇಕು. ದುಡ್ಡು ಕೊಡುವ ಬೇರೆಯವರ ಕೆಲಸ ಮೊದಲು ಮಾಡುತ್ತಿದ್ದ. ಸಂಬಳ ಕೊಡಬೇಕಾದವನು ಇನ್ನೇನು ಮಾಡ್ತಾನೆ? ಇದರಲ್ಲಿ ಕಳ್ಳರು ಯಾರೂ ಇರಲಿಲ್ಲ. ಇದ್ದಿದ್ದರೆ ನನ್ನ ಸಲಹೆಯೂ ಬೇರೆ ಇರುತ್ತಿತ್ತು. ಮೇಷ್ಟ್ರ ಭಾವಮೈದ ನೇರ ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂತಿದ್ದರು. ಬೇಡ ಅಂದೆ. ಕೊಟ್ಟ ಮಾತು ತಪ್ಪುವುದು ಬೇರೆ, ಮೊದಲಿನಿಂದಲೂ ಮೋಸದ ಉದ್ದೇಶ ಇರುವುದು ಬೇರೆ. ಏನು ಒಪ್ಪಿಕೊಂಡಿದ್ದು ಅಂತಲೇ ಬರೆದಿಲ್ಲದಿರುವಾಗ ಯಾವ ಮಾತು ತಪ್ಪಿದ ಅಂತ ದೂರು ಕೊಡೋದು?

ನಾನು ಕೊಟ್ಟ ಸಲಹೆ ಇಷ್ಟೇ: ಒಂದು ಪತ್ರ ಬರೆಯಿರಿ. ವಾಟ್ಸಾಪ್ ಬೇಡ, ಇಮೇಲ್. ಕ್ಷಮೆ ಕೇಳುವ ಸಾಲು ಒಂದೂ ಇರಬಾರದು. ಬೈಗುಳವೂ ಇರಬಾರದು. ಯಾವುದು ಮುಗಿದಿದೆ, ಯಾವುದು ಬಾಕಿ, ಆಮೇಲೆ ಸೇರಿಸಿದ್ದರಲ್ಲಿ ಯಾವುದನ್ನು ಬಿಡುತ್ತೀರಿ, ಪ್ರಶ್ನೆಗಳನ್ನು ಯೂನಿಕೋಡಿಗೆ ತರುವುದು ಯಾರು, ಬಾಕಿ 1 ಲಕ್ಷ ಯಾವ ಕೆಲಸ ಮುಗಿದಾಗ ಎಷ್ಟೆಷ್ಟು. ಕೊನೆಯಲ್ಲಿ ಕೋಡ್ (ಆ್ಯಪ್ ನಡೆಸುವ ಮೂಲ ಬರಹ) ಮತ್ತು ಪ್ಲೇ ಸ್ಟೋರ್ ಖಾತೆ ಯಾರ ಹೆಸರಿನಲ್ಲಿರುತ್ತೆ ಅನ್ನುವ ಪ್ರಶ್ನೆ.

ಆಗಲೇ ಅವರು ಕೇಳಿದ್ದು, ‘ಶಿಷ್ಯನ ಹತ್ರ ಬರೆಸಿಕೊಳ್ಳೋದಾ ಮೇಡಂ?’

ಶಿಷ್ಯ ಆಗಿರೋದಕ್ಕೇ ಬರೆಸಿಕೊಳ್ಳಬೇಕು ಅಂದೆ. ಪರಿಚಯ ಇಲ್ಲದವನಾಗಿದ್ದರೆ ಎರಡನೇ ತಿಂಗಳಿಗೇ ಫೋನ್ ಮಾಡಿ ಜಗಳ ಆಡಿ ಇತ್ಯರ್ಥ ಮಾಡಿಕೊಳ್ಳುತ್ತಿದ್ದಿರಿ, ಅಲ್ವಾ? ಇಲ್ಲಿ ಜಗಳವೂ ಸಾಧ್ಯವಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಕಾಗದವೇ ಹೇಳಬೇಕು.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರು ‘ಇದು ವಕೀಲರ ಕೆಲಸ, ಆಪ್ತಸಮಾಲೋಚಕರದಲ್ಲ’ ಅಂದರು. ದಾರಿ ತೋರಿಸಬೇಡ, ಅವರೇ ಕಂಡುಕೊಳ್ಳಲಿ ಅಂತಲೇ ನಮಗೆ ಕಲಿಸುವುದು. ಬಹಳ ಸಲ ಅದು ಸರಿಯೇ. ಆದರೆ ನಿದ್ದೆ ಕೆಡಿಸುವ ಕಾರಣ ಯಾವಾಗಲೂ ಮನಸ್ಸಿನ ಒಳಗೇ ಕೂತಿರುವುದಿಲ್ಲ. ಕೇಳಬೇಕಾದ ಪ್ರಶ್ನೆ ಕೇಳದೆ ಬರೀ ಉಸಿರಾಟ ಕಲಿಸಿದರೆ ಸಹಿಸಿಕೊಳ್ಳುವುದನ್ನು ಇನ್ನಷ್ಟು ಚೆನ್ನಾಗಿ ಕಲಿಸಿದಂತೆ. ಅದಕ್ಕೆ ನಾನು ಫೀಸು ತೆಗೆದುಕೊಳ್ಳಲಾರೆ. ಕಾನೂನಿನ ಭಾಗಕ್ಕೆ ವಕೀಲರ ಹತ್ತಿರವೇ ಕಳಿಸಿದೆ. ಆದರೆ ವಕೀಲರ ಹತ್ತಿರ ಹೋಗುವ ಧೈರ್ಯ ಬರಬೇಕಾದ್ದು ಈ ಕೋಣೆಯಲ್ಲೇ.

ವಕೀಲರು ಹೇಳಿದ್ದು ಕೇಳಿ ಮೇಷ್ಟ್ರು ದಂಗಾದರು. ‘ದುಡ್ಡು ಕೊಟ್ಟಿದ್ದೀನಿ, ಆ್ಯಪ್ ನನ್ನದೇ’ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಪುಸ್ತಕದ ಹಾಗೆ ಒಂದು ಸಾಹಿತ್ಯ ಕೃತಿ. ಸಂಬಳಕ್ಕೆ ಇರುವ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಮಾಲೀಕನದು. ಹೊರಗಿನ ಸ್ಟುಡಿಯೋ ಬರೆದದ್ದು ಹಾಗಲ್ಲ, ಬರೆದುಕೊಡದ ಹೊರತು ಹಕ್ಕು ಅವರದೇ. ಬರೆದುಕೊಟ್ಟರೂ ಎಷ್ಟು ವರ್ಷಕ್ಕೆ ಅಂತ ಹೇಳದಿದ್ದರೆ 5 ವರ್ಷಕ್ಕೆ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. 19ನೇ ಸೆಕ್ಷನ್ನಿನಲ್ಲಿ ಇದೆ.

ಪತ್ರದ ಮೊದಲ ಕರಡು ‘ನಿನಗೆ ತೊಂದರೆ ಕೊಡುತ್ತಿರುವುದಕ್ಕೆ’ ಅಂತಲೇ ಶುರುವಾಗಿತ್ತು. ಅದನ್ನು ಹೊಡೆದುಹಾಕಿಸಿದೆ. ‘ನೀವು ಅಂತ ಬರೀಲಾ?’ ಅಂದರು. ಬೇಡ, ನೀನು ಅಂತಲೇ ಇರಲಿ, ತಾರೀಖು ಮಾತ್ರ ಗಟ್ಟಿಯಾಗಿರಲಿ ಅಂದೆ. ಮನೆಯವರು ಇನ್ನೊಂದು ಸಾಲು ಸೇರಿಸಿದರು: ‘ನಿನಗೆ ಕಷ್ಟ ಆಗಿದ್ದರೆ ಅದನ್ನೂ ಬರೆ.’ ಇಡೀ ಪತ್ರದಲ್ಲಿ ಕೆಲಸ ಮಾಡಿದ್ದು ಆ ಸಾಲೇ ಅಂತ ನನ್ನ ಅನಿಸಿಕೆ.

ಹುಡುಗ ಮೊದಲ ಸಲ ಲೆಕ್ಕ ಬರೆದು ಕಳಿಸಿದ. ಪ್ರಶ್ನೆಗಳನ್ನು ತಿದ್ದಲು 40 ಸಾವಿರ ಬೇರೆ, ಇಲ್ಲದಿದ್ದರೆ ಸಾರ್ ತಾವೇ ಟೈಪ್ ಮಾಡಿಸಿಕೊಡಬೇಕು. ಮೇಷ್ಟ್ರಿಗೆ ಅವತ್ತು ರಾತ್ರಿ ಪೂರ್ತಿ ಸಿಟ್ಟು. ‘ನನ್ನ ಹತ್ರಾನೇ ದುಡ್ಡು ಕೇಳ್ತಾನಾ’ ಅಂತ ನನಗೆ ಫೋನ್ ಮಾಡಿದರು. ಕೇಳಲಿ ಬಿಡಿ, ಈಗಲಾದರೂ ಕೇಳಿದನಲ್ಲ ಅಂದೆ. ಕೊನೆಗೆ ಪ್ರಶ್ನೆಗಳನ್ನು ತಾವೇ ಟೈಪ್ ಮಾಡಿಸಿದರು. ಮಾರ್ಕ್ಸ್ ಪಟ್ಟಿ, ಅಪ್ಪ ಅಮ್ಮನಿಗೆ ವರದಿ ಎರಡನ್ನೂ ಕೈಬಿಟ್ಟರು. ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಮೇಷ್ಟ್ರ ಹೆಸರಿನಲ್ಲೇ ಖಾತೆ ತೆರೆದು ಕೋಡ್ ಅಲ್ಲಿಗೆ ಹಾಕಿದ್ದಾಯಿತು. ಹಕ್ಕಿನ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು.

ಪ್ಲೇ ಸ್ಟೋರ್ ಖಾತೆ ಇನ್ನೂ ಆಗಿರಲಿಲ್ಲ. ಸ್ಟುಡಿಯೋದವರು ತಮ್ಮ ಖಾತೆಯಲ್ಲೇ ಹಾಕುವವರಿದ್ದರು. ಅದರಲ್ಲಿ ದುರುದ್ದೇಶ ಇರಲಿಲ್ಲ, ಅದು ಅವರಿಗೆ ಸುಲಭ, ಅಷ್ಟೇ. ಆದರೆ ಮುಂದೆ ಮನಸ್ತಾಪ ಬಂದರೆ ಆ್ಯಪ್, ಅದರ ಬಳಕೆದಾರರು, ಬಂದ ರೇಟಿಂಗ್ ಎಲ್ಲಾ ಅವರ ಕೈಯಲ್ಲಿ. ಮತ್ತೆ ನಿಮ್ಮ ಖಾತೆಗೆ ವರ್ಗಾಯಿಸಬಹುದು ನಿಜ, ಅವರು ಒಪ್ಪಿದರೆ. ಗೂಗಲ್ ಖಾತೆಗೆ ಒಂದೇ ಸಲ 25 ಡಾಲರ್ ಸಾಕು. ಆ್ಯಪಲ್‌ಗೆ ವರ್ಷಕ್ಕೆ 99. ಲಕ್ಷ ಖರ್ಚು ಮಾಡುವವರು ಇಲ್ಲಿ ಯಾಕೆ ಹಿಂದೆ ಮುಂದೆ ನೋಡ್ತಾರೋ! ಒಂದು ತೊಡಕಿದೆ: 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನ ಸತತ 14 ದಿನ ಪರೀಕ್ಷಾರ್ಥವಾಗಿ ಆ್ಯಪ್ ಇಟ್ಟುಕೊಂಡಿರಬೇಕು. ಮೇಷ್ಟ್ರು ಟ್ಯೂಷನ್ ಮಕ್ಕಳ ಅಪ್ಪ ಅಮ್ಮಂದಿರನ್ನೇ ಹಿಡಿದರು. ಅದರಲ್ಲಿ ಆ ನೋಟ್‌ಬುಕ್ ಹುಡುಗನ ತಾಯಿಯೂ ಇದ್ದರು. ಹೆಚ್ಚು ತಪ್ಪು ಹುಡುಕಿಕೊಟ್ಟವರು ಅವರೇ.

ಈಗ ಆ್ಯಪ್ ಪ್ಲೇ ಸ್ಟೋರಿನಲ್ಲಿದೆ. ಮೇಷ್ಟ್ರ ನಿದ್ದೆ ಪರವಾಗಿಲ್ಲ. ಬಳೆ ಇನ್ನೂ ಬಿಡಿಸಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 5ಕ್ಕೆ ಮನೆಗೆ ಬರುತ್ತಿದ್ದ ಶಿಷ್ಯ ಈ ಸಲ ಬರಲಿಲ್ಲ, ಇಮೇಲಿನಲ್ಲಿ ಶುಭಾಶಯ ಕಳಿಸಿದ. ಅದು ಅವರಿಗೆ ಚುಚ್ಚಿದೆ. ಸ್ವಲ್ಪ ದಿನ ಬಿಡಿ ಅಂದೆ, ಒಪ್ಪಲಿಲ್ಲ. ತಾವೇ ಅವನ ಆಫೀಸಿಗೆ ಹೋಗಿ ಬರುತ್ತಾರಂತೆ. ಆ್ಯಪ್ ಮಾತು ಎತ್ತೋದೇ ಇಲ್ಲ ಅಂತ ಹೇಳಿದ್ದಾರೆ. ಪಕ್ಕದಲ್ಲಿದ್ದ ಮನೆಯವರು ನನ್ನ ಕಡೆ ನೋಡಿ, ‘ಎತ್ತೇ ಎತ್ತುತ್ತಾರೆ ಮೇಡಂ, ನಾನೂ ಜೊತೆಗೆ ಹೋಗ್ತೀನಿ’ ಅಂದರು.