ಎತ್ತಿದ ಕೈಗೆ ಬೇರೆ ಕೆಲಸ ಕೊಡಿ

ಸುರಪುರದ ಸೋದರಿಗೆ ನಮಸ್ಕಾರಗಳು.

ಅಂಗನವಾಡಿ ಮಕ್ಕಳಿಗಾಗಿ ನೀವು ಬರೆದು ಕಳುಹಿಸಿದ ಕೋತಿಮರಿಯ ಚಿತ್ರಕಥೆಯನ್ನು ಕಲಬುರಗಿಯ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಆದರೆ ಮಕ್ಕಳು ಒಬ್ಬರನ್ನೊಬ್ಬರು ಹೊಡೆಯುವುದನ್ನು ದಿನವೂ ಹತ್ತಿರದಿಂದ ಕಂಡವರಷ್ಟೇ ಬರೆಯಬಲ್ಲ ಮಾತುಗಳು ಇದರಲ್ಲಿರುವುದರಿಂದ ಕೈಬಿಡಲೂ ಮನಸ್ಸಾಗುತ್ತಿಲ್ಲ.

ಹದಿನಾರು ಪುಟಗಳಲ್ಲಿ ಒಂಬತ್ತು ಪುಟಗಳು ಕೋತಿಮರಿಯ ಹೊಡೆತಕ್ಕೇ ಹೋಗಿವೆ. ಮೊಲ, ಅಳಿಲು, ಕೊನೆಗೆ ಆನೆಮರಿಗೂ ಏಟು ಬೀಳುತ್ತದೆ. ಚಿತ್ರಕಾರರಿಗೆ ನೀವು ಕೊಟ್ಟ ಸೂಚನೆಗಳಲ್ಲಿ ಹೆಚ್ಚು ಲವಲವಿಕೆಯಿಂದ ಕೂಡಿದವೂ ಅವೇ. ಹೊಡೆಯದೆ ಇರುವುದರ ಪಾಲಿಗೆ ಬಂದದ್ದು ಕೊನೆಯ ಪುಟದ ಒಂದೇ ವಾಕ್ಯ. ಅಕ್ಷರ ಬಾರದ ಮಗು ಚಿತ್ರವನ್ನೇ ಓದುತ್ತದೆ, ಕಂಡದ್ದನ್ನು ಮಾಡಿ ನೋಡುತ್ತದೆ. 1961ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 72 ಪುಟ್ಟ ಮಕ್ಕಳೊಂದಿಗೆ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಬಡಿಯುವುದನ್ನು ಕಂಡಿದ್ದ ಮಕ್ಕಳಲ್ಲಿ ಹಲವರು ಅದೇ ರೀತಿಯಲ್ಲಿ, ಅವೇ ಮಾತುಗಳನ್ನಾಡುತ್ತ ಗೊಂಬೆಯನ್ನು ಬಡಿದಿದ್ದರು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಹದಿನಾಲ್ಕನೆಯ ಪುಟ. ಅಲ್ಲಿ ತಾಯಿಕೋತಿ ಮರಿಯ ಬೆನ್ನಿಗೆ ನಾಲ್ಕು ಬಾರಿಸಿ, ‘ಇನ್ನೊಮ್ಮೆ ಯಾರಿಗಾದರೂ ಹೊಡೆದೀಯಾ?’ ಎಂದು ಗದರುತ್ತದೆ. ದೊಡ್ಡವರಾದರೆ ಹೊಡೆಯಬಹುದು ಎಂಬುದೇ ಆ ಪುಟದಿಂದ ಮಗು ಕಲಿಯುವ ಪಾಠ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು ನಿಷೇಧಿಸಿರುವಾಗ, ಅಲ್ಲಿಗೆ ಹೋಗಲಿರುವ ಮಕ್ಕಳ ಪುಸ್ತಕ ಅದನ್ನು ಸಹಜವೆಂಬಂತೆ ತೋರಿಸಬಾರದು. ಆ ಪುಟವನ್ನು ಪೂರ್ತಿಯಾಗಿ ತೆಗೆಯಿರಿ.

ಮರಿಯನ್ನು ‘ದುಷ್ಟ’ ಎಂದದ್ದನ್ನೂ ತೆಗೆಯಿರಿ. ಮೂರು ವರ್ಷದ ಮಗು ಕೈ ಎತ್ತುವುದು ಬೇಕಾದದ್ದನ್ನು ಹೇಳಲು ಮಾತು ಸಾಲದೆ, ಹಸಿವು ನಿದ್ದೆಗಳನ್ನು ತಾಳಲಾರದೆ, ಸಿಟ್ಟನ್ನು ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿಯದೆ; ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮೂರನೆಯ ಪುಟದಲ್ಲಿ, ಮೊಲ ಚೆಂಡು ಕಸಿದುಕೊಂಡಾಗ ‘ಕಿವಿ ಬಿಸಿಯಾಯಿತು, ಮುಷ್ಟಿ ತಾನಾಗಿ ಬಿಗಿಯಿತು’ ಎಂದು ಬರೆದಿದ್ದೀರಿ. ಇಡೀ ಹಸ್ತಪ್ರತಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಲಿಲ್ಲ, ಆದರೆ ಮರುಗಳಿಗೆಯೇ ಏಟಿನತ್ತ ಓಡಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಿ. ಬಲಗಡೆಯ ಪುಟದಲ್ಲಿ ಎತ್ತಿದ ಕೈ ಮತ್ತು ಎದುರಿಗಿರುವವನ ಬೆದರಿದ ಮುಖ ಇರಲಿ. ಹಾಳೆ ತಿರುವುವ ಮೊದಲು ಟೀಚರ್ ‘ಈಗೇನ್ ಮಾಡಬೇಕು?’ ಎಂದು ಮಕ್ಕಳನ್ನು ಕೇಳುವಷ್ಟು ಬಿಡುವು ಸಿಗಲಿ. ತಿರುವಿದ ಮೇಲೆ ಅದೇ ಕೈ ಬೇರೊಂದು ಕೆಲಸದಲ್ಲಿ ಕಾಣಬೇಕು: ಅಂಗೈ ಚಾಚಿ ‘ಅದು ನಂದದ, ಕೊಡು’ ಎಂದು ಕೇಳುವುದು, ಟೀಚರ್ ಸೆರಗು ಹಿಡಿದು ಕರೆಯುವುದು, ಮನೆಯಲ್ಲಾದರೆ ಆಯಿಯ ಪಕ್ಕ ಕುಳಿತು ಜೋಳದ ಹಿಟ್ಟಿನ ಪುಟ್ಟ ಉಂಡೆಯನ್ನು ತಟ್ಟುವುದು.

ಕೋತಿಯನ್ನು ಬಿಟ್ಟು ನಿಮ್ಮ ಓಣಿಯ ಒಂದು ಮಗುವನ್ನೇ ತನ್ನಿ ಎಂಬುದು ನನ್ನ ಒತ್ತಾಯದ ಸಲಹೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂಚಿಕೊಳ್ಳುವುದನ್ನು ಕುರಿತ ಕಥೆಯನ್ನು ಮನುಷ್ಯ ಪಾತ್ರಗಳೊಂದಿಗೆ ಕೇಳಿದ ನಾಲ್ಕರಿಂದ ಆರು ವರ್ಷದ ಮಕ್ಕಳು ಆಮೇಲೆ ಹೆಚ್ಚು ಹಂಚಿಕೊಂಡರು; ಅದೇ ಕಥೆಯನ್ನು ಪ್ರಾಣಿಗಳೊಂದಿಗೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಶಹಾಬಾದ್ ಕಲ್ಲು ಹಾಸಿದ ನಿಮ್ಮ ಅಂಗನವಾಡಿಯ ಕೋಣೆಯಲ್ಲೇ ಕಥೆ ನಡೆಯಲಿ. ನಿರೂಪಣೆ ಶಿಷ್ಟ ಕನ್ನಡದಲ್ಲಿದ್ದರೂ ಮಕ್ಕಳ ಮಾತು ಸುರಪುರದ್ದೇ ಆಗಿರಲಿ. ‘ದಯವಿಟ್ಟು ನನ್ನ ಚೆಂಡನ್ನು ಹಿಂದಿರುಗಿಸು’ ಎಂದು ಯಾವ ಮಗುವೂ ಹೇಳುವುದಿಲ್ಲ.

ಪುಟಕ್ಕೆ ಎರಡು ಮೂರು ವಾಕ್ಯ ಸಾಕು. ‘ಮಕ್ಕಳೇ, ಯಾರನ್ನೂ ಹೊಡೆಯಬಾರದು’ ಎಂಬ ಕೊನೆಯ ಸಾಲು ಬೇಡ. ತಿದ್ದಿದ ಮೇಲೆ ನಿಮ್ಮ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ, ಎತ್ತಿದ ಕೈಯ ಪುಟದಲ್ಲಿ ಅವರು ಕೊಟ್ಟ ಉತ್ತರಗಳನ್ನು ಅಂಚಿನಲ್ಲಿ ಬರೆದುಕೊಂಡು ಹಸ್ತಪ್ರತಿಯ ಜೊತೆಗೇ ಕಳುಹಿಸಿ.

ಇಂತಿ,
ಸಂಪಾದಕಿ